ಏಳನೆಯ ಪ್ರಶ್ನೆಗೆ ಸೊನ್ನೆ

ಬೆಳಗಿನ ಪಾಳಿಗೆ ಹೊರಡುವ ಮೊದಲು ಹೊಸಮನಿಯವರ ಅಡುಗೆಮನೆಯಲ್ಲಿ ಒಂದು ಪಾಠ ನಡೆಯುತ್ತಿತ್ತು. ಶಿವಲೀಲಾ ರೊಟ್ಟಿ ಬಡಿಯುತ್ತ ಪ್ರಶ್ನೆ ಕೇಳುವಳು, ಗಂಡ ಫಕ್ಕೀರಪ್ಪ ಚಹಾ ಕುಡಿಯುತ್ತ ಉತ್ತರ ಒಪ್ಪಿಸುವನು.

"ಹದಿನೈದು ದಿನದಾಗ ನಿದ್ದಿ ಕೆಟ್ಟಿತ್ತೇನು?"

"ಇಲ್ಲ."

"ಕುಂತಲ್ಲಿ ಕುಂದ್ರಾಕಾಗದಂಗ ಚಡಪಡಿಕಿ?"

"ಇಲ್ಲ."

"ಇನ್ನ ಕಡೀದು. ಏನೋ ಕೆಟ್ಟದ್ದು ಆಗತೈತಿ ಅನ್ನೂ ಅಂಜಿಕಿ?"

ಫಕ್ಕೀರಪ್ಪ ಬಸಿಯನ್ನು ಕೆಳಗಿಟ್ಟು, ಬಾಗಿಲಾಚೆ ಒಮ್ಮೆ ನೋಡಿ, "ಇಲ್ಲ" ಎಂದ.

"ತಡ ಮಾಡಿದ್ರಿ," ಎಂದಳು ಶಿವಲೀಲಾ. "ಏಳನೇದಕ್ಕ ನೀವು ಯಾವಾಗ್ಲೂ ತಡಾ ಮಾಡ್ತೀರಿ. ಬೆರಳು ತಾನ ಓಡಬೇಕು."

ಇದು ನಗುವ ಮಾತಲ್ಲ. ಆ ಕಾಲೊನಿಯ ಮನೆಮನೆಯಲ್ಲೂ ಮಗ್ಗಿ ಕಲಿಸಿದ ಹಾಗೆ ಈ ಪಾಠ ನಡೆಯುತ್ತಿತ್ತು. ಏಳು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಇಲ್ಲವೇ ಇಲ್ಲ ಎಂದರೆ ಸೊನ್ನೆ, ದಿನಾಲೂ ಎಂದರೆ ಮೂರು. ಸರಕಾರಿ ಹೆಸರು ಏನೋ ಉದ್ದನೆಯದಿತ್ತು, ಜನ ಮಾತ್ರ ಅದನ್ನು 'ಏಳರ ಚೀಟಿ' ಎನ್ನುತ್ತಿದ್ದರು.

ಮೊದಮೊದಲು ಏಳರ ಚೀಟಿ ಒಳ್ಳೆಯದೇ ಆಗಿತ್ತು ಎಂಬುದನ್ನೂ ಹೇಳಬೇಕು. ದವಾಖಾನೆಯಲ್ಲಿ ನರ್ಸಬಾಯಿ ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈಯಿಟ್ಟು ಕೇಳುತ್ತಿದ್ದರು. ಎದೆಯೊಳಗೇ ಇಟ್ಟುಕೊಂಡು ಕೊರಗುತ್ತಿದ್ದವರು ಆ ಏಳು ಪ್ರಶ್ನೆಗಳ ಎದುರು ಅತ್ತು ಹಗುರಾಗಿ, ಔಷಧ ಪಡೆದು, ಮನೆಗೆ ಹೋಗಿ ನಿದ್ದೆ ಮಾಡಿದ್ದುಂಟು. ಅಂಕ ಹೆಚ್ಚು ಬಂದರೆ ಆರೈಕೆ ಹೆಚ್ಚು, ಅಷ್ಟೆ. ಆಮೇಲೆ ಯಾರೋ ಜಾಣರಿಗೆ, ಇಷ್ಟು ಅಗ್ಗದ, ಇಷ್ಟು ಸರಳವಾದ ಅಳತೆಗೋಲನ್ನು ದವಾಖಾನೆಯಲ್ಲೇ ಯಾಕೆ ಇಡಬೇಕು ಅನ್ನಿಸಿತು. ಅದನ್ನು ಯಂತ್ರವೊಂದರ ಪರದೆಗೆ ಹಾಕಿ ಕಾರಖಾನೆಗಳ ಬಾಗಿಲಿಗೆ ಕಟ್ಟಿದರು, ದಿನಾ ಬೆಳಿಗ್ಗೆ ಉತ್ತರ ಒತ್ತಿಯೇ ಕೆಲಸಕ್ಕೆ ಹೋಗಬೇಕು. ಅಂಜುವವನ ಕೈ ನಡುಗುತ್ತದೆ, ನಡುಗುವ ಕೈಗೆ ಯಂತ್ರ ಕೊಡಬಾರದು ಎಂಬುದು ಅವರ ತರ್ಕ. ಕೇಳಲಿಕ್ಕೆ ಸರಿಯಾಗಿಯೇ ಇತ್ತು. ಕಿಟಕಿಯಾಗಿದ್ದದ್ದು ಕದವಾಯಿತು, ಕದಕ್ಕೆ ಬೀಗ ಬಿತ್ತು, ಜನ ಸುಳ್ಳು ಹೇಳಲು ಕಲಿತರು.

ಸುಳ್ಳಿಗೂ ಒಂದು ಬೆಲೆ ಇತ್ತು. ಯಾವ ಅಂಕದ ಮೇಲೆ ರೋಗ ಎಂಬ ಗೆರೆಯನ್ನು ಯಂತ್ರವೇ ಎಳೆಯುತ್ತಿತ್ತು, ಅದೂ ಜಿಲ್ಲೆಯ ಸರಾಸರಿ ನೋಡಿ. ಮೊದಲು ಗೆರೆ ಒಂಬತ್ತರಲ್ಲಿತ್ತು. ಎಲ್ಲರೂ ಎರಡು ಕಡಿಮೆ ಹೇಳಿದರು, ಗೆರೆ ಏಳಕ್ಕೆ ಇಳಿಯಿತು. ಇನ್ನೆರಡು ಕಡಿಮೆ ಹೇಳಿದರು, ಐದಾಯಿತು. ಹೀಗೆ ಇಳಿಯುತ್ತ ಇಳಿಯುತ್ತ ಈಗ ಎರಡು ಅಂಕ ಬಂದವನೂ ರೋಗಿ. ಅವನನ್ನು ಗುಡ್ಡದ ಮಗ್ಗುಲಿನ 'ವಿಶ್ರಾಂತಿಧಾಮ'ಕ್ಕೆ ಒಯ್ಯುತ್ತಿದ್ದರು. ಅಲ್ಲಿ ಹಾಲು, ಹಣ್ಣು, ಭಜನೆ ಎಲ್ಲ ಇತ್ತು, ಮರಳಿ ಬರುವ ದಾರಿ ಮಾತ್ರ ಸುಲಭವಿರಲಿಲ್ಲ. ಅಂಕ ನಿಧಾನವಾಗಿ ಇಳಿಯಬೇಕು. ಬೇಗ ಇಳಿದರೆ ಸುಳ್ಳು ಎಂದು ಮತ್ತೆ ಮೊದಲಿನಿಂದ ಎಣಿಕೆ. ಫಕ್ಕೀರಪ್ಪ ಎರಡು ವರ್ಷದ ಹಿಂದೆ ಒಮ್ಮೆ ನಿಜ ಹೇಳಿ ಒಂದು ಮಳೆಗಾಲ ಪೂರ್ತಿ ಅಲ್ಲಿದ್ದು ಬಂದಿದ್ದ. ಇನ್ನೊಮ್ಮೆ ಹೋದರೆ ಕೆಲಸಕ್ಕೆ ಕಾಯಂ ಎಳ್ಳುನೀರು.

*

ಗಂಡ ಹೆಂಡತಿ ಇಬ್ಬರಿಗೂ ಕೆಲಸ 'ಗಾಳಿ ಹಗೇವಿ'ನಲ್ಲಿ. ಕಪ್ಪತಗುಡ್ಡದ ಬದಿಯ ಹಳೆಯ ಬಂಗಾರದ ಗಣಿಯೊಂದನ್ನು ಹಸನು ಮಾಡಿ, ಗುಡ್ಡದ ಮೇಲಿನ ಗಾಳಿಯಂತ್ರಗಳ ಹೆಚ್ಚುವರಿ ವಿದ್ಯುತ್ತಿನಿಂದ ಅದರೊಳಕ್ಕೆ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತಿದ್ದರು. ಬೇಕಾದಾಗ ಆ ಗಾಳಿಯನ್ನು ಬಿಟ್ಟರೆ ಅದು ಚಕ್ರ ತಿರುಗಿಸಿ ವಿದ್ಯುತ್ತು ಮರಳಿ ಕೊಡುವುದು. ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುವ ಸೀಮೆಯ ಜನ ಅದಕ್ಕೆ ಬೇರೆ ಹೆಸರು ಇಡುವುದುಂಟೇ? ಗಣಿಯ ಬಾಯಿಗೆ ಮನೆಯಷ್ಟು ದೊಡ್ಡ ಕಾಂಕ್ರೀಟ್ ಬಿರಡೆ ಜಡಿದಿತ್ತು. ಅದರ ಮಗ್ಗುಲಲ್ಲಿ ಒಂದು ಸಣ್ಣ ಸುರಂಗ. ಫಕ್ಕೀರಪ್ಪನ ತಂಡ ಲಿಫ್ಟಿನಲ್ಲಿ ಆ ಸುರಂಗಕ್ಕಿಳಿದು ಬಿರಡೆಯ ಅಂಚನ್ನು ತಟ್ಟಿ ನೋಡಿ ಬರಬೇಕು. ಮೇಲೆ ನಿಯಂತ್ರಣ ಕೋಣೆಯಲ್ಲಿ ಶಿವಲೀಲಾ ಒತ್ತಡ ಕಾಯಬೇಕು.

ಆ ಶನಿವಾರ ಅವಳ ಕಣ್ಣಿಗೆ ಬಿದ್ದದ್ದು ಒಂದು ಮುಳ್ಳು. ಪರದೆಯ ಮೇಲೆ ಒತ್ತಡದ ಗೆರೆ ಹೊಲದ ಬದುವಿನಂತೆ ನೆಟ್ಟಗಿತ್ತು. ಆದರೆ ಗೋಡೆಯಲ್ಲಿ ಹಳೆಯ ಕಾಲದ ಗಡಿಯಾರದಂಥ ಮಾಪಕವೊಂದಿತ್ತು, ಅದರ ಮುಳ್ಳು ಸಣ್ಣಗೆ ನಡುಗುತ್ತಿತ್ತು. ಇಳಿಯುವುದು, ಏರುವುದು, ಮತ್ತೆ ಇಳಿಯುವುದು. ಪರದೆ ತೋರಿಸುವುದು ಸರಾಸರಿಯನ್ನು, ನಡುಕ ಅದರಲ್ಲಿ ಅಳಿಸಿಹೋಗುತ್ತದೆ. ಬಿರಡೆಯ ಅಂಚಿನಲ್ಲಿ ಎಲ್ಲೋ ಸೀಳು ಬಿಟ್ಟು ಗಾಳಿ ಉಸಿರಾಡುತ್ತಿದೆ ಎಂದು ಅವಳಿಗೆ ಅನ್ನಿಸಿತು. ಪಕ್ಕದ ಕುರ್ಚಿಯ ಮೆಹಬೂಬಿಗೆ ತೋರಿಸಿದಳು. ಮೆಹಬೂಬಿ ನೋಡಿ ಬಾಯಿಗೆ ಸೆರಗು ಹಿಡಿದಳು.

ಸೋಮವಾರ ಆ ಸುರಂಗಕ್ಕೆ ಇಳಿಯುವ ಸರದಿ ಫಕ್ಕೀರಪ್ಪನ ತಂಡದ್ದು.

ಶಿವಲೀಲಾ ಮೇಲ್ವಿಚಾರಕ ವಾದಿರಾಜ ಕಟ್ಟಿಯವರ ಕೋಣೆಗೆ ಹೋದಳು. ಕಟ್ಟಿ ಕೆಟ್ಟವರಲ್ಲ. ಅವರ ಮೇಜಿನ ಮೇಲೂ ಏಳರ ಚೀಟಿಯ ಪರದೆ ಇತ್ತು, ಅವರೂ ದಿನಾ ಬೆಳಿಗ್ಗೆ ಏಳು ಸೊನ್ನೆ ಒತ್ತಿಯೇ ಕೂರುತ್ತಿದ್ದರು.

"ಸರ್, ಮುಳ್ಳು ನಡಗಾಕತ್ತೈತ್ರಿ. ಸೋಮವಾರ ಯಾರನ್ನೂ ಕೆಳಗ ಇಳಿಸಬ್ಯಾಡ್ರಿ."

ಕಟ್ಟಿ ಕನ್ನಡಕ ತೆಗೆದು ಒರೆಸಿದರು. "ಅಪಾಯದ ಸೂಚನಾ ಬರೀರಿ ಹೊಸಮನಿಯವರ. ಬ್ಯಾಡ ಅನ್ನೂದಿಲ್ಲ. ಆದರ ಅದು ಏನ್ ಕೇಳ್ತದ ಗೊತ್ತದಲಾ?"

ಅವಳಿಗೆ ಗೊತ್ತಿತ್ತು, ಆದರೂ ಬರೆದಳು. ಯಂತ್ರ ತಕ್ಷಣ ಕೇಳಿತು: ಇಂದು ಬೆಳಿಗ್ಗೆ ಏಳನೆಯ ಪ್ರಶ್ನೆಗೆ ನೀವು ಸೊನ್ನೆ ಕೊಟ್ಟಿದ್ದೀರಿ. ಕೆಟ್ಟದ್ದೇನೂ ಆಗುವುದಿಲ್ಲ ಎಂದು ನೀವೇ ಹೇಳಿದ್ದೀರಿ. ಉತ್ತರ ಬದಲಿಸುತ್ತೀರಾ?

ಬದಲಿಸುವುದಿಲ್ಲ ಎಂದರೆ, ಹೆದರದವಳು ಕೊಟ್ಟ ಹೆದರಿಕೆಯ ಸೂಚನೆ, ಸಾಧಾರಣ ಟಿಪ್ಪಣಿಗಳ ಜೊತೆ ಕಡತಕ್ಕೆ ಸೇರುತ್ತದೆ. ಬದಲಿಸುತ್ತೇನೆ ಎಂದರೆ, ಹೆದರಿದವಳು ಕೊಟ್ಟ ಸೂಚನೆ, ರೋಗದ ಲಕ್ಷಣವೆಂದು ತಳ್ಳಿಹೋಗುತ್ತದೆ, ಅವಳೂ ಕುರ್ಚಿಯಿಂದ ಎದ್ದುಹೋಗುತ್ತಾಳೆ. ಅತ್ತ ದರಿ, ಇತ್ತ ಪುಲಿ. ಶಿವಲೀಲಾ ಯಾವುದನ್ನೂ ಒತ್ತದೆ ಸೂಚನೆಯನ್ನು ಅಳಿಸಿದಳು. ಗುಡ್ಡದಷ್ಟು ಗಾಳಿಯನ್ನು ಕಾಯುವ ತನಗೆ ಒಂದು ಮಾತನ್ನು ಹೊರಗೆ ಹಾಕಲು ಕಿಂಡಿ ಇಲ್ಲವಲ್ಲ ಎಂದು ಸಿಟ್ಟು ಬಂತು.

ಕಟ್ಟಿ ದನಿ ತಗ್ಗಿಸಿದರು. "ಒಂದು ಹಳೇ ನಿಯಮ ಅದ. ಎಲ್ಲೋ ಒಂದು ಕಡೆ ವಿಷಗಾಳಿ ಸೋರಿ ಮಂದಿಗೆಲ್ಲಾ ಒಮ್ಮೆಗೇ ಎದಿ ಬಡಕೊಂಡಾಗ ಮಾಡಿದ್ದು. ಒಂದು ಪಾಳಿಯೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಅದೇ ದಿನ ಗೆರಿ ದಾಟಿದರ, ದೋಷ ಮಂದಿದಲ್ಲ, ಜಾಗಾದ್ದು ಅಂತ ಯಂತ್ರ ತಿಳೀತದ. ತಾನ ಎಲ್ಲಾ ಬಂದ್ ಮಾಡಿ ತನಿಖೆದವರನ್ನ ಕರೀತದ. ಯಾರನ್ನೂ ವಿಶ್ರಾಂತಿಧಾಮಕ್ಕೂ ಒಯ್ಯೂದಿಲ್ಲ." ಆಮೇಲೆ ಕನ್ನಡಕ ಹಾಕಿಕೊಂಡು, "ನಾ ಏನೂ ಹೇಳಿಲ್ಲ ನಿಮಗ" ಎಂದರು.

*

ಸಂಜೆ ಶಿವಲೀಲಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಹಿತ್ತಲಲ್ಲಿ ಅತ್ತೆ ನೀಲವ್ವ ಹಗೇವಿನ ಬಾಯಿಯ ಕಲ್ಲು ಸರಿಸಿ ಕೂತಿದ್ದಳು. ಜೋಳ ತೆಗೆಯಬೇಕಿತ್ತು. ಕಲ್ಲು ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು.

"ನಾ ಒಲ್ಲೆ ಅಂದ್ರ ಧಾಮಕ್ಕ ಒಯ್ದು ಒಳಗ ಹಾಕತಾರ," ಎಂದ ಫಕ್ಕೀರಪ್ಪ. "ಇಳದ್ರ ಬಿರಡಿ ಒಡೀತೈತಿ. ನೀನ ಹೇಳು, ಯಾವುದು ಮಾಡ್ಲಿ?"

ನೀಲವ್ವ ಹಗ್ಗ ಬಿಡುತ್ತ ಅಂದಳು, "ಹಗೇವಿನಾಗ ದೀಪ ಅಳ್ಳಾಡಿದ್ರ ನಾವು ಹಗೇವಿಗೆ ಅಂಜತೀವಿ. ನಿಮ್ಮ ಕಾರಖಾನ್ಯಾಗ ದೀಪಕ್ಕ ರೋಗ ಅಂತ ಅದನ್ನ ಹೊರಗ ಒಗಿತಾರ. ಯಾವ ಸೀಮಿ ಶಾಣ್ಯಾತನ ಇದು?" ಬಯ್ದು ಮುಗಿಸಿ ಮತ್ತೆ ಕಂದೀಲಿನ ಕಡೆಗೆ ಬಗ್ಗಿದಳು. ಅವಳಿಗೆ ಜೋಳದ ಚಿಂತೆ.

ಶಿವಲೀಲಾ ಮಾತ್ರ ಅಲ್ಲೇ ನಿಂತುಬಿಟ್ಟಳು. ಒಂದು ದೀಪ ಅಲುಗಾಡಿದರೆ ತಾನೇ ದೀಪಕ್ಕೆ ರೋಗ? ಎಲ್ಲ ದೀಪಗಳೂ ಅಲುಗಾಡಿದರೆ? ಕಟ್ಟಿಯವರು ಹೇಳದೆ ಹೇಳಿದ್ದು ಅದನ್ನೇ.

ಮರುದಿನ ಭಾನುವಾರ, ಸುರಂಗದ ತಂಡದ ಪರಸಪ್ಪನ ಹೆಂಡತಿಗೆ ಕುಬಸ. ಇಡೀ ಪಾಳಿಯೇ ಅಲ್ಲಿ ಸೇರಿತ್ತು. ಹಸಿರು ಬಳೆ, ಹಸಿರು ಸೀರೆ, ಹೋಳಿಗೆ, ಬುತ್ತಿ, ಬಸುರಿಯನ್ನು ಛೇಡಿಸುವ ಹಾಡು. ಹೆಂಗಸರ ಗದ್ದಲದ ಮರೆಯಲ್ಲಿ ಶಿವಲೀಲಾ ಒಬ್ಬೊಬ್ಬರನ್ನೇ ದೇವರ ಮನೆಗೆ ಕರೆದು ಮಾತಾಡಿದಳು. ಇಪ್ಪತ್ತು ಮಂದಿಯ ಪಾಳಿ, ಹನ್ನೊಂದು ಮಂದಿ ನಿಜ ಹೇಳಿದರೆ ಸಾಕು, ಹಗೇವು ನಿಲ್ಲುತ್ತದೆ. ಎಲ್ಲರಿಗೂ ಅಂಜಿಕೆ ಇದ್ದೇ ಇತ್ತು. ಒಬ್ಬನಿಗೆ ನಿದ್ದೆ ಇಲ್ಲ, ಒಬ್ಬನಿಗೆ ಊಟ ಸೇರುವುದಿಲ್ಲ, ಮೆಹಬೂಬಿಗೆ ವಾರದಿಂದ ಕೈ ಬೆವರುತ್ತಿದೆ. ಇದ್ದದ್ದನ್ನು ಇದ್ದ ಹಾಗೆ ಒತ್ತುವುದು, ಹೊಸ ಸುಳ್ಳೇನೂ ಬೇಕಿಲ್ಲ.

"ಎದ್ದು ಬಂದು ಎದಿಗೆ ಒದ್ರ ಒದೀಲಿ," ಎಂದ ಪರಸಪ್ಪ ಎಲ್ಲರಿಗಿಂತ ದೊಡ್ಡ ದನಿಯಲ್ಲಿ. "ನಾನೂ ನಾಳೆ ಕೆಳಗ ಇಳಿಯಾಂವನ. ಮೂರು ಒತ್ತತೀನಿ."

ನಂದಾದೀಪ ಮುಟ್ಟಿ ಆಣೆ ಮಾಡಿದರು. ಮೆಹಬೂಬಿಯೂ ಬೆರಳು ತಾಗಿಸಿದಳು. ಮನೆಗೆ ಮರಳುವಾಗ ಫಕ್ಕೀರಪ್ಪ ದಾರಿಯುದ್ದಕ್ಕೂ ಶಿಳ್ಳೆ ಹಾಕುತ್ತ ಬಂದ. ಅವನ ಶಿಳ್ಳೆ ಕೇಳಿ ವರ್ಷವೇ ಆಗಿತ್ತು. ಶಿವಲೀಲಾಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

*

ಸೋಮವಾರ ಬೆಳಿಗ್ಗೆ ಬಾಗಿಲ ಮುಂದೆ ಸಾಲು. ಒಬ್ಬೊಬ್ಬರೇ ಸಣ್ಣ ಕೋಣೆಗೆ ಹೋಗಿ ಪರದೆ ಒತ್ತಬೇಕು. ಒಳಗೆ ಎರಡು ಕದ. ಬಲಗಡೆಯದು ಕೆಲಸಕ್ಕೆ, ಎಡಗಡೆಯದು ವಿಶ್ರಾಂತಿಧಾಮದ ಗಾಡಿಗೆ. ರೋಗಿಗೆ ನಾಚಿಕೆ ಆಗಬಾರದೆಂದು ಯಾರು ಯಾವ ಕದದಿಂದ ಹೋದರೆಂಬುದು ಹೊರಗೆ ಕಾಣದಂತೆ ಕಟ್ಟಿದ್ದರು. ಆದರೆ ಕೆಲಸದ ಕದಕ್ಕೆ ಎಣ್ಣೆ ಹಾಕುವವರಿಲ್ಲದೆ ಅದು ಕಿರ್ರೆನ್ನುತ್ತಿತ್ತು. ಎಡಗಡೆಯ ಕದಕ್ಕೆ ರಬ್ಬರು, ಸದ್ದೇ ಇಲ್ಲ. ಸಾಲಿನಲ್ಲಿ ಹತ್ತಿರವಿದ್ದವರಿಗೆ ಮಾತ್ರ ಆ ಕಿರ್ರು ಕೇಳುತ್ತಿತ್ತು.

ಶಿವಲೀಲಾ ತಡವಾಗಿ ಬಂದಿದ್ದಳು. ಸಾಲು ಬಹುಪಾಲು ಆಗಲೇ ಒಳಗೆ ಹೋಗಿತ್ತು, ಮೆಹಬೂಬಿಯೂ ಹೋಗಿದ್ದಳು. ಅವಳ ಮುಂದೆ ಪರಸಪ್ಪ, ಹಿಂದೆ ಕೊನೆಯವನಾಗಿ ಫಕ್ಕೀರಪ್ಪ. ಪರಸಪ್ಪ ತಿರುಗಿ ನೋಡದೆ ಒಳಗೆ ಹೋದ. ಶಿವಲೀಲಾ ಕಿವಿಗೊಟ್ಟಳು.

ಕಿರ್ರ್.

ದೀಪ ಮುಟ್ಟಿದವನೇ ಮಾತು ತಪ್ಪಿದ. ಇನ್ನೆರಡು ತಿಂಗಳಿಗೆ ಹೆರಿಗೆ, ಆಗ ತಾನು ವಿಶ್ರಾಂತಿಧಾಮದಲ್ಲಿರಬಾರದು ಅನ್ನಿಸಿರಬೇಕು, ಅವನನ್ನು ಬಯ್ಯುವುದು ಹೇಗೆ? ಆದರೆ ಅವನೇ ಹಾಗೆ ಮಾಡಿದ ಮೇಲೆ ಉಳಿದವರು? ಎಲ್ಲರೂ ಇದೇ ಕದದಿಂದ ಹೋಗಿದ್ದಾರೆ. ತಾನೊಬ್ಬಳೇ ನಿಜ ಹೇಳಿದರೆ ಹಗೇವು ನಿಲ್ಲುವುದಿಲ್ಲ, ತನ್ನ ಕುರ್ಚಿಯಲ್ಲಿ ಗುರುತಿಲ್ಲದವರು ಯಾರೋ ಕೂರುತ್ತಾರೆ. ಅವರು ನೋಡುವುದು ಪರದೆಯನ್ನು, ಗೋಡೆಯ ಮುಳ್ಳನ್ನಲ್ಲ. ಕೆಳಗೆ ಇವರು ಇಳಿದಾಗ ಮುಳ್ಳು ನೋಡುವ ಒಂದು ಕಣ್ಣಾದರೂ ಮೇಲಿರಬೇಕಲ್ಲ.

ಒಳಗೆ ಹೋದಳು. ಏಳನೆಯ ಪ್ರಶ್ನೆಯ ಎದುರು ಬೆರಳು ಗಾಳಿಯಲ್ಲಿ ನಿಂತಿತು. ಆಮೇಲೆ, ದಿನಾ ಬೆಳಿಗ್ಗೆ ತಾನೇ ಗಂಡನಿಗೆ ಕಲಿಸಿದ ಹಾಗೆ, ಬೆರಳು ತಾನೇ ಓಡಿ ಸೊನ್ನೆ ಒತ್ತಿತು. ಕೆಲಸದ ಕದ ಕಿರ್ರೆಂದಿತು.

ನಿಯಂತ್ರಣ ಕೋಣೆಗೆ ಬಂದರೆ ಮೆಹಬೂಬಿಯ ಕುರ್ಚಿ ಖಾಲಿ. ಅದರಾಚೆಯದೂ ಖಾಲಿ. ಶಿವಲೀಲಾ ಪರದೆಯ ಕಡೆ ನೋಡಿದಳು. ಗೆರೆ ದಾಟಿದವರು ಹತ್ತು. ಅರ್ಧಕ್ಕಿಂತ ಹೆಚ್ಚಿಲ್ಲ. ಸ್ಥಳದಲ್ಲಿ ದೋಷವಿಲ್ಲ. ಕೆಲಸ ಎಂದಿನಂತೆ.

ಹತ್ತು ಜನ ಮಾತು ಉಳಿಸಿಕೊಂಡಿದ್ದರು. ಇನ್ನೊಬ್ಬರು ಬೇಕಿತ್ತು.  ಬಾಗಿಲಲ್ಲಿ ಕಟ್ಟಿ ನಿಂತಿದ್ದರು. ಅವರ ಮುಖದಲ್ಲಿ ಬಣ್ಣವಿರಲಿಲ್ಲ.

"ನೀವೂ ಒಳಗ ಬಂದ್ರೇನು?" ಎಂದರು. ಅವಳು ಕೇಳಬೇಕೆಂದಿದ್ದ ಮಾತೂ ಅದೇ ಆಗಿತ್ತು.

ಉತ್ತರ ಬದಲಿಸಲು ನೋಡಿದಳು. ಮೂರು ಒತ್ತಿದಳು, ಮತ್ತೆ ಒತ್ತಿದಳು. ಇಂದಿನ ಪಾಳಿಯ ಎಣಿಕೆ ಮುಗಿದಿದೆ, ಬದಲಾವಣೆಯನ್ನು ನಾಳೆಯ ಲೆಕ್ಕಕ್ಕೆ ಹಿಡಿಯಲಾಗುವುದು, ಧನ್ಯವಾದ ಎಂದಿತು ಪರದೆ. ಅಷ್ಟರಲ್ಲಿ ಸುರಂಗದ ಫೋನು ಕರೆಯಿತು.

"ಲೀಲಾ, ಕೆಳಗ ಬಂದೀನಿ," ಫಕ್ಕೀರಪ್ಪನ ದನಿ. "ತಂಡದಾಗ ಒಬ್ಬ ಧಾಮದ ಗಾಡಿ ಹತ್ತಿದ. ಪರಸ್ಯಾ ಹೊಟ್ಟಿನೋವು ಅಂತ ಮ್ಯಾಲ ಕುಂತಾನ. ನಾ ಒಬ್ಬನ ಅದೀನಿ."

"ನೀವು ಯಾಕ ಬಂದ್ರಿ? ಮೂರು ಒತ್ತತೀನಿ ಅಂದಿದ್ರೆಲ್ಲಾ?"

 ಅವನು ಮೆಲ್ಲಗೆ ಹೇಳಿದ, "ನಿನ್ನ ಕದಾ ಕಿರ್ ಅಂತು. ನೀನ ಒಳಗ ಹೋದ ಮ್ಯಾಲ ನಾ ಹೊರಗ ಉಳದು ಏನ್ ಮಾಡ್ಲಿ?"

ಶಿವಲೀಲಾ ಗೋಡೆಯ ಮಾಪಕ ನೋಡಿದಳು. ಮುಳ್ಳು ನಡುಗುತ್ತಿರಲಿಲ್ಲ. ಕಲ್ಲಿನಂತೆ ನಿಂತಿತ್ತು. ನಿಂತದ್ದನ್ನು ಕಂಡು ಒಂದು ಕ್ಷಣ ಹಿಗ್ಗಾಯಿತು, ಮರುಕ್ಷಣ ಅತ್ತೆಯ ಕಂದೀಲು ನೆನಪಾಯಿತು. ಅಲುಗಾಡುವ ದೀಪ ಇನ್ನೂ ಉರಿಯುತ್ತಿರುತ್ತದೆ, ಆರಿದ ದೀಪವೇ ಅಲುಗಾಡದೆ ಇರುವುದು. ಸೀಳಿನಿಂದ ಉಸಿರಾಡುತ್ತಿದ್ದ ಗಾಳಿಯ ದಾರಿ ಕಟ್ಟಿದೆ, ಇನ್ನು ಅದು ಬಿರಡೆಯನ್ನೇ ನೂಕುತ್ತದೆ.

"ರೀ, ಲಿಫ್ಟಿಗೆ ಓಡ್ರಿ. ಈಗಿಂದೀಗ ಓಡ್ರಿ."

ಲಿಫ್ಟು ಮೇಲೇಳಲು ಮೇಜಿನಿಂದ ಒಪ್ಪಿಗೆ ಬೇಕು, ಒಪ್ಪಿಗೆಗೆ ಕಾರಣ ಬೇಕು. ಅವಳು 'ಅಪಾಯ' ಎಂದು ಒತ್ತಿದಳು. ಪರದೆ ಅವಳ ಬೆಳಗಿನ ಸೊನ್ನೆಯನ್ನು ತೋರಿಸಿ, ಪರಿಶೀಲಿಸಲಾಗುತ್ತಿದೆ ಎಂದು ಚಕ್ರ ತಿರುಗಿಸತೊಡಗಿತು. ಫೋನಿನಲ್ಲಿ ಓಡುವ ಬೂಟಿನ ಸದ್ದು, ಏದುಸಿರು, ಲಿಫ್ಟಿನ ಜಾಲರಿ ಎಳೆದ ಸದ್ದು. "ಲೀಲಾ, ಏಳವಲ್ದು," ಎಂದ ಅವನು. ಚಕ್ರ ತಿರುಗುತ್ತಲೇ ಇತ್ತು.

ಅವಳು ಕಾರಣವನ್ನು ಅಳಿಸಿದಳು. 'ಇತರೆ' ಎಂಬಲ್ಲಿ ಬರೆದಳು: ಮಧ್ಯಾಹ್ನದ ರೊಟ್ಟಿ ಗಂಟು ಮೇಲೆ ಮರೆತಿದ್ದಾರೆ.

ಒಪ್ಪಿಗೆ ನೀಡಲಾಗಿದೆ ಎಂದಿತು ಯಂತ್ರ. ಅಪಾಯಕ್ಕೆ ಬಾಗದ ಲಿಫ್ಟು ರೊಟ್ಟಿಗೆ ಬಾಗಿತು. ಫಕ್ಕೀರಪ್ಪ ಮೇಲೆ ಬಂದು ಜಾಲರಿಯಿಂದ ಕಾಲು ಹೊರಗಿಟ್ಟಾಗ ನೆಲ ಒಮ್ಮೆ ಹಾರಿ ಬಿತ್ತು. ಗುಡ್ಡದ ಹೊಟ್ಟೆಯಿಂದ ಬಂದ ಆ ಸದ್ದು ಮೂರು ಊರಿಗೆ ಕೇಳಿಸಿತಂತೆ. ಬಿರಡೆ ಒಡೆದು ಮಗ್ಗುಲ ಸುರಂಗ ಪುಡಿಯಾಗಿತ್ತು. ಒಳಗೆ ಯಾರೂ ಇರಲಿಲ್ಲ. ಶಿವಲೀಲಾ ಓಡಿ ಬಂದು, ಧೂಳಿನಲ್ಲಿ ಬೆಳ್ಳಗಾಗಿ ನಿಂತ ಗಂಡನ ಅಂಗಿ ಹಿಡಿದು ಎಲ್ಲರೆದುರೇ ಅತ್ತಳು.

*

ಬೆಂಕಿ ಬಿದ್ದಾಗ ಬಾವಿ ತೋಡುವ ತನಿಖೆಯವರು ಅದೇ ಸಂಜೆ ಬಂದರು. ಯಂತ್ರ ತನ್ನ ವರದಿಯನ್ನು ಆಗಲೇ ಸಿದ್ಧ ಮಾಡಿತ್ತು. ಕರ್ತವ್ಯದಲ್ಲಿದ್ದ ಸಿಬ್ಬಂದಿಗೆ ಯಾವ ಆತಂಕವೂ ಇರಲಿಲ್ಲ. ಅದಕ್ಕೇ ಜೀವಹಾನಿ ಆಗಲಿಲ್ಲ. ಊಟದ ಶಿಸ್ತು ಮೆಚ್ಚತಕ್ಕದ್ದು. ಗೆರೆ ದಾಟಿದ ಹತ್ತು ಮಂದಿಯ ಅಂಜಿಕೆ ಘಟನೆಗೆ ಮುಂಚಿನದು, ಆದ್ದರಿಂದ ಅದಕ್ಕೆ ಸಂಬಂಧವಿಲ್ಲದ್ದು. ಅವರ ವಿಶ್ರಾಂತಿ ಮುಂದುವರಿಯಲಿ. ಗುಡ್ಡದ ಇನ್ನೊಂದು ಬದಿಯ ಹಗೇವು ನಾಳೆ ಬೆಳಿಗ್ಗೆಯಿಂದಲೇ ಕೆಲಸ ವಹಿಸಿಕೊಳ್ಳಲಿ.

"ಮೊದಲ ಗೊತ್ತಿತ್ತೇನು ನಿಮಗ?" ಎಂದು ತನಿಖೆಯವರು ಶಿವಲೀಲಾಳನ್ನು ಕೇಳಿದರು. ಗೊತ್ತಿತ್ತು ಎಂದಳು. ಅವರು ಅವಳ ಏಳು ಸೊನ್ನೆಗಳನ್ನು ನೋಡಿದರು, ಅವಳ ಮುಖ ನೋಡಿದರು, ಪಾಪ, ಆಘಾತದಲ್ಲಿ ಏನೋ ಮಾತಾಡುತ್ತಿದ್ದಾಳೆ ಎಂದು ಕನಿಕರಪಟ್ಟು ನೀರು ಕೊಟ್ಟರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾಠ ನಡೆಯಲಿಲ್ಲ. ಗಂಡ ಹೆಂಡತಿ ಚಹಾ ಕುಡಿದು ಸಾಲಿನಲ್ಲಿ ನಿಂತರು. ಬೇರೆ ಊರಿಂದ ಕರೆಸಿದ ಹತ್ತು ಹೊಸ ಮುಖಗಳು ಅವರ ಮುಂದಿದ್ದವು. ಕದ ಹತ್ತು ಸಲವೂ ಕಿರ್ರೆಂದಿತು. ಇನ್ನು ಅರ್ಧಕ್ಕಿಂತ ಹೆಚ್ಚು ಎಂಬುದು ಕನಸಿನ ಮಾತೆಂದು ಶಿವಲೀಲಾಗೆ ಗೊತ್ತಿತ್ತು. ಆದರೂ ಒಳಗೆ ಹೋಗಿ, ಏಳನೆಯ ಪ್ರಶ್ನೆಗೆ ಮೂರು ಒತ್ತಿದಳು. ಎಡಗಡೆಯ ಕದ ಸದ್ದಿಲ್ಲದೆ ತೆರೆಯಿತು. ಗಾಡಿಯಲ್ಲಿ ಕೂತು ಕಾದಳು. ಫಕ್ಕೀರಪ್ಪನೂ ಅದೇ ಕದದಿಂದ ಬಂದು ಪಕ್ಕದಲ್ಲಿ ಕೂತ. ಅವರ ಹಿಂದೆ ಯಾರೂ ಬರಲಿಲ್ಲ.

ವಿಶ್ರಾಂತಿಧಾಮದ ಗೇಟು ತೆರೆದು ಮುಚ್ಚಿತು. ಅಂಗಳದ ಬೇವಿನ ಮರದ ಕೆಳಗೆ ಹತ್ತು ಮಂದಿ ಕೂತಿದ್ದರು, ಮುಂದೆ ಯಾರೂ ಮುಟ್ಟದ ಹಾಲಿನ ಲೋಟಗಳು. ಬಿರಡೆ ಒಡೆದ ಸದ್ದು ಅವರಿಗೂ ಕೇಳಿಸಿತ್ತು. ಯಾರು ಸತ್ತರು, ಯಾರು ಉಳಿದರು ಎಂದು ಯಾರೂ ಬಂದು ಹೇಳಿರಲಿಲ್ಲ. ಫಕ್ಕೀರಪ್ಪನನ್ನು ಜೀವಂತ ಕಂಡು ಒಬ್ಬಿಬ್ಬರು ಎದ್ದು ನಿಂತರು. ಮೆಹಬೂಬಿ ಏಳಲಿಲ್ಲ. ಕೂತಲ್ಲೇ ಸ್ವಲ್ಪ ಸರಿದು ಚಾಪೆಯಲ್ಲಿ ಜಾಗ ಮಾಡಿದಳು. ಶಿವಲೀಲಾ ಪಕ್ಕದಲ್ಲಿ ಕೂತು, ಅವಳ ಕೈ ಹಿಡಿಯಲು ಹೋಗಿ, ಹಿಡಿಯಲಾರದೆ ತನ್ನ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಬಂದ್ಯಾ," ಎಂದಳು ಮೆಹಬೂಬಿ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸ ಮಾತ್ರ ಇತ್ತು. "ನಿನ್ನೆ ಬಂದಿದ್ರ ಸಾಕಿತ್ತವಾ. ಇವತ್ತ ಎಲ್ಲಾರೂ ಮನ್ಯಾಗ ಇರ್ತಿದ್ವಿ."